ಕುಚಿಂಗಿನ ಸಂತೆಯಲ್ಲಿ ಮಿಡಿನ್ ಸೊಪ್ಪು

ಬೋರ್ನಿಯೊ ದ್ವೀಪದ ಸರವಾಕ್ ರಾಜ್ಯದ ರಾಜಧಾನಿ ಕುಚಿಂಗ್. ಇಲ್ಲಿನ ಸಾತೊಕ್ ಸಂತೆಗೆ ಹೋಗುವುದಾದರೆ ಶನಿವಾರ ಅಥವಾ ಭಾನುವಾರ, ಬಿಸಿಲೇರುವ ಮೊದಲೇ ಹೋಗಬೇಕು. ಒಣಮೀನಿನ ಅಂಗಡಿಗಳನ್ನು ದಾಟಿ ಸೊಪ್ಪಿನ ಸಾಲಿಗೆ ಬಂದರೆ, ಹಸಿರಿನ ನಡುವೆ ಕೆಂಪು ಛಾಯೆಯ ಎಳೆಕುಡಿಗಳ ಕಟ್ಟುಗಳು ಕಣ್ಣಿಗೆ ಬೀಳುತ್ತವೆ. ತುದಿಗಳೆಲ್ಲ ಸುರುಳಿ. ಇದೇ ಮಿಡಿನ್, ಮರ ಹತ್ತುವ ಜರೀಗಿಡ. ಸಸ್ಯಶಾಸ್ತ್ರಜ್ಞರು ಇದನ್ನು ಸ್ಟೆನೊಕ್ಲೀನಾ ಪಾಲುಸ್ಟ್ರಿಸ್ ಎನ್ನುತ್ತಾರೆ.

ಕೊಡಗಿನ ಮಳೆಗಾಲದ ತೆರ್ಮೆ ಸೊಪ್ಪು ತಿಂದವರಿಗೆ ಜರೀಗಿಡದ ಪಲ್ಯ ಹೊಸತೇನಲ್ಲ. ಆದರೆ ಅದು ನೆಲದ ಗಿಡ, ಇದು ಬಳ್ಳಿ. ಕುಡಿ ಎತ್ತಿ ನೋಡಿದೆ. ನುಣುಪು, ಒಂದಿಷ್ಟೂ ರೋಮವಿಲ್ಲ. ಮಾರುವಾಕೆ ನನ್ನ ಕೈಯಿಂದ ತೆಗೆದುಕೊಂಡು, ಬೆಂಡೆಕಾಯಿಯ ತುದಿ ಮುರಿದು ನೋಡುವ ಹಾಗೆ ಪಟ್ಟನೆ ಮುರಿದು ತೋರಿಸಿದಳು. ಬಾಗಿದರೆ ಬಲಿತದ್ದು, ಮುರಿದರೆ ಎಳೆಯದು. "ಇವತ್ತೇ ಮಾಡಿಬಿಡಿ, ನಾಳೆಗೆ ಇಡಬೇಡಿ" ಎಂದಳು. ಬೇಗ ಬಾಡುವುದೇ ಇದರ ಸ್ವಭಾವ. ಹೀಗಾಗಿ ದೂರದ ಪೇಟೆಗಳಿಗೆ ಹೋಗುವುದು ಕಷ್ಟ. ಊರಿನವರ ಪಾಲಿಗೆ ಉಳಿದಿರುವುದೂ ಅದರಿಂದಲೇ ಇರಬೇಕು. ನನಗಂತೂ ಅದರಲ್ಲಿ ಬೇಸರವಿಲ್ಲ.

ಊರಿಂದ ಸ್ವಲ್ಪ ಹೊರಗೆ ಹೋದರೆ ಗಿಡವೇ ಸಿಗುತ್ತದೆ. ರಸ್ತೆಬದಿಯ ಚರಂಡಿ, ಪಾಳುಬಿದ್ದ ರಬ್ಬರ್ ತೋಟ, ಜೌಗು, ಎಲ್ಲೆಲ್ಲೂ ಇದೆ. ಕಾಂಡ ಬೆರಳು ಗಾತ್ರದ ಹಗ್ಗದಂತೆ ಮರಕ್ಕೆ ಹಬ್ಬಿ ಮೇಲೇರುತ್ತದೆ. ಅಗಲದ ಎಲೆಗಳ ನಡುವೆ ಕಡ್ಡಿಯಂಥ ಸಪೂರ ಎಲೆಗಳೂ ಕಾಣುತ್ತವೆ. ಬೀಜಕಣಗಳು ಬೆಳೆಯುವುದು ಅವುಗಳಲ್ಲೇ. ನೀರಿನಲ್ಲಿ ಬೇಗ ಕೊಳೆಯದ ಈ ಕಾಂಡದಿಂದ ಹಿಂದೆ ಮೀನಿನ ಬಲೆಬುಟ್ಟಿ ಬಿಗಿಯುತ್ತಿದ್ದರು. ಇಂಡೊನೇಷ್ಯಾಕ್ಕೆ ಸೇರಿದ ಕಾಲಿಮಂತಾನ್‌ನಲ್ಲಿ ಇದೇ ಗಿಡ ಕಲಕೈ. ಅಲ್ಲಿನ ದಯಾಕ್ ಜನ ಬಾಣಂತಿಯರಿಗೆ ಇದನ್ನು ಉಣಿಸುತ್ತಾರೆ. ಎಲೆಗೆ ಹಿಟ್ಟು ಸವರಿ ಗರಿಗರಿಯಾಗಿ ಕರಿದೂ ಮಾರುತ್ತಾರೆ. ಕೇರಳದ ಜೌಗಿನಲ್ಲೂ ಈ ಬಳ್ಳಿ ಬೆಳೆಯುತ್ತದೆ.

ಸಂಜೆ ಟಾಪ್ ಸ್ಪಾಟ್‌ಗೆ ಬನ್ನಿ. ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಡದ ಮಾಳಿಗೆಯ ಮೇಲೆ ಸಾಲುಸಾಲು ಹೋಟೆಲು. ಧಗಧಗ ಉರಿಯ ಮೇಲೆ ಬಾಣಲೆ ಹೊಗೆಯಾಡುತ್ತಿರುವಾಗ ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲಾಚಾನ್ ಬೀಳುತ್ತವೆ. ಬೆಲಾಚಾನ್ ಎಂದರೆ ಸಣ್ಣ ಸಿಗಡಿ ಹುಳಿಸಿ ಒಣಗಿಸಿದ ಗಟ್ಟಿ. ಕರಾವಳಿಯವರಿಗೆ ಆ ಘಾಟು ಹಿತವೇ, ಘಟ್ಟದ ಮೇಲಿನವರು ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮಿಡಿನ್ ಕೊನೆಗೆ ಬೀಳುತ್ತದೆ, ನಾಲ್ಕು ಸಲ ತಿರುವಿದರೆ ಆಯಿತು. ಕೆಂಪು ಹೋಗಿ ಕಡುಹಸಿರಾಗುತ್ತದೆ, ಕುರುಕುರು ಮಾತ್ರ ಹೋಗುವುದಿಲ್ಲ. ಇತರ ಸೊಪ್ಪುಗಳು ಬಾಣಲೆಯಲ್ಲಿ ಮೆತ್ತಗಾಗಿ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ. ಚೀನೀ ಮೂಲದವರ ಅಡುಗೆಯಲ್ಲಿ ಕೆಂಪು ಅಕ್ಕಿಮದ್ಯದ ಸಣ್ಣ ಸಿಹಿಯೂ ಸೇರುವುದುಂಟು.

ಸಸ್ಯಾಹಾರಿಗಳು ಬರಿ ಬೆಳ್ಳುಳ್ಳಿ ಹಾಕಿ ಹುರಿದುಕೊಡಲು ಹೇಳಬಹುದು. ಬೆಲಾಚಾನ್ ಬೇಡ ಎಂದಷ್ಟೇ ಹೇಳಿದರೆ ಸಾಲದು. ಆಯ್ಸ್ಟರ್ ಸಾಸ್ ಕೂಡ ಬೇಡವೆಂದು ಮೊದಲೇ ತಿಳಿಸಿ.