ಮುಟ್ಟದೆ ಅರಿಯುವ ಯಂತ್ರ

ಯಾದಗಿರಿ, ಶಹಾಪುರ, ಸುರಪುರಗಳ ಬೇಸಗೆಯ ಧೂಳು ಮನೆಯೊಳಗಿನ ಯಂತ್ರಗಳನ್ನೂ ಬಿಡದು. ಗಣಕದ ತೆರೆಯ ಮೇಲೆ ವಿಮಾನ ಹಾರಿಸಿ ಕಲಿಯುವ ತರುಣನ ಜಾಯ್‌ಸ್ಟಿಕ್ಕಿಗೂ ಇದೇ ಗತಿ. ಕೈ ನಿಶ್ಚಲವಾಗಿದ್ದರೂ ವಿಮಾನ ನಡುಗತೊಡಗುತ್ತದೆ. ಕೋಲು ಕೆಟ್ಟಿತೆಂದು ಎಸೆಯಬೇಕೆ?

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದಲ್ಲಿಯೂ ಚಾಲಕನ ಕೈಚಲನೆ ವಿದ್ಯುತ್ ಸಂಕೇತವಾಗಿಯೇ ಗಣಕವನ್ನು ಸೇರುತ್ತದೆ. ಅದೂ ನಾಲ್ಕು ಹಾದಿಗಳಲ್ಲಿ, ಒಂದು ಕೆಟ್ಟರೂ ಅಪಾಯವಾಗದಂತೆ. ಮನೆಯ ಕೋಲಿಗೆ ಆ ಭಾಗ್ಯವಿಲ್ಲ. ಸಾಮಾನ್ಯವಾಗಿ ಒಂದು ಚಲನೆಗೆ ಒಂದೇ ಪೊಟೆನ್ಷಿಯೋಮೀಟರ್. ಇದು ರೇಡಿಯೋದ ಧ್ವನಿ ಏರಿಳಿಸುವ ಗುಂಡಿಯ ಬಂಧು. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತ ಉಜ್ಜುತ್ತ ಪಟ್ಟಿ ಸವೆಯುತ್ತದೆ. ಧೂಳು ಸೇರಿದರೆ ಸಂಕೇತ ತಡವರಿಸುತ್ತದೆ. ಶುಚಿಗೊಳಿಸಿದರೆ ಕೆಲಕಾಲ ಗುಣ. ಸವೆದ ಪಟ್ಟಿ ಮಾತ್ರ ಮರಳಿ ಬಾರದು.

ಉಪಾಯವನ್ನು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿಯೇ ಕಂಡಿದ್ದನು. ವಿದ್ಯುತ್ ಹರಿಯುವ ತೆಳು ಚಿನ್ನದ ಹಾಳೆಯನ್ನು ಅಯಸ್ಕಾಂತದ ಪ್ರಭಾವಕ್ಕೊಡ್ಡಿದಾಗ ಅಡ್ಡಲಾಗಿ ಅಲ್ಪ ವೋಲ್ಟೇಜು ಹುಟ್ಟಿತು. ಇದೇ ತತ್ತ್ವದ ಪುಟ್ಟ ಹಾಲ್ ಸಂವೇದಕವನ್ನು ಹಳೆಯದರ ಸ್ಥಾನದಲ್ಲಿ ನಿಲ್ಲಿಸಿ, ತಿರುಗುವ ಅಚ್ಚಿಗೆ ಅಯಸ್ಕಾಂತವನ್ನು ಅಂಟಿಸಿದರೆ, ಒಂದನ್ನೊಂದು ಮುಟ್ಟದೆಯೇ ಕೋಲಿನ ಓಲಾಟ ತಿಳಿಯುತ್ತದೆ. ಉಜ್ಜುವಿಕೆಯಿಲ್ಲದ ಮೇಲೆ ಸವೆತವೆಲ್ಲಿ?

ಎಚ್ಚರಿಕೆಗಳೂ ಉಂಟು. ಕೋಲಿನೊಳಗಿನ ವೋಲ್ಟೇಜು ಸಂವೇದಕಕ್ಕೆ ಒಪ್ಪುವುದೇ ಎಂದು ಮೊದಲು ಅಳೆಯಬೇಕು. 5 ವೋಲ್ಟಿನಲ್ಲಿ ದುಡಿಯುವ ಸಾಮಾನ್ಯ ಸಂವೇದಕವು ಕೋಲು ನಡುವೆ ನಿಂತಾಗ ಸುಮಾರು 2.5 ವೋಲ್ಟು ತೋರುವಂತೆ ಅಯಸ್ಕಾಂತವನ್ನು ಹೊಂದಿಸಬೇಕು. ಒಂದು ಚಲನೆಯ ಅಯಸ್ಕಾಂತ ಮತ್ತೊಂದರ ಸಂವೇದಕವನ್ನು ಕೆಣಕದಷ್ಟು ದೂರವಿರಬೇಕು. ಕೊನೆಗೆ ಗಣಕದಲ್ಲಿ ಕೋಲಿನ ನಡುವನ್ನೂ ಅಂಚುಗಳನ್ನೂ ಹೊಸದಾಗಿ ಗುರುತಿಸಿದರೆ, ಕೈ ನಿಂತಲ್ಲಿ ವಿಮಾನವೂ ನಿಲ್ಲುತ್ತದೆ.