ಗುಮ್ಮಟದ ಕೆಳಗೆ ಪರದೇಶಿಯ ಪುಸ್ತಕ

ನಾಲತವಾಡದ ನನ್ನ ವಿದ್ಯಾರ್ಥಿಗಳೊಡನೆ ವಿಜಯಪುರದ ಗೋಲಗುಮ್ಮಟದ ಮುಂದೆ ನಿಂತಾಗ ನನ್ನ ಕೈಯಲ್ಲಿದ್ದುದು ಹೆನ್ರಿ ಕಸಿನ್ಸ್ ಎಂಬ ಬ್ರಿಟಿಷ್ ವಿದ್ವಾಂಸನ ಗ್ರಂಥದಿಂದ ಬರೆದುಕೊಂಡ ಕೆಲವು ಹಾಳೆಗಳು. ಅವನ್ನು ಕಂಡ ಹುಡುಗನೊಬ್ಬ, “ಸರ, ನಮ್ಮ ಜಿಲ್ಲಾದ ಗುಮ್ಮಟಾ ನೋಡಾಕ ಪರದೇಶದವನ ಪುಸ್ತಕ ಯಾಕ ಬೇಕ್ರಿ?” ಎಂದುಬಿಟ್ಟ. ಥಟ್ಟನೆ ನನಗೆ ಉತ್ತರ ಹೊಳೆಯಲಿಲ್ಲ.

ಈ ಪಟ್ಟಣವನ್ನು ನೋಡುವವರಿಗೆ ದಾರಿ ತೋರಿದ ಪರದೇಶಿಗಳಲ್ಲಿ ಕಸಿನ್ಸ್ ಮೊದಲನೆಯವನಲ್ಲ. ನಮ್ಮೂರಿನ ಮೂಡಲಿಗಿರುವ ಸುರಪುರದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಶಿಲ್ಪಶಾಸ್ತ್ರಜ್ಞ ಜೇಮ್ಸ್ ಫರ್ಗ್ಯುಸನ್ನನೊಡನೆ ಸೇರಿ, ಇಲ್ಲಿಯ ಕಟ್ಟಡಗಳ ಮೇಲೆ 1866ರಲ್ಲಿಯೇ ದೊಡ್ಡ ಚಿತ್ರಗ್ರಂಥವೊಂದನ್ನು ಹೊರತಂದಿದ್ದ. ಕಸಿನ್ಸನ ಮಹಾಗ್ರಂಥ ಅಚ್ಚಾದದ್ದು 1916ರಲ್ಲಿ.

ಹಾಗೆಂದು ಪರದೇಶಿಗಳೆಲ್ಲರೂ ರಸಿಕರೇ ಆಗಿದ್ದರೆಂದಲ್ಲ. ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಹೆಚ್ಚಿನ ಬೆಲೆ ನೂರೈವತ್ತು ರೂಪಾಯಿ! ಪುಣ್ಯಕ್ಕೆ ಹರಾಜು ರದ್ದಾಯಿತು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಳೆಯ ಮಹಲುಗಳಲ್ಲಿಯೇ ದಫ್ತರುಗಳು ಬೀಡುಬಿಟ್ಟವು. ಮಸೀದಿಯೊಂದು ಸಾಹೇಬರು ತಂಗುವ ಬಂಗಲೆಯಾಗಿತ್ತು. ಅದನ್ನು ಬಿಡಿಸಲು ವೈಸರಾಯ್ ಕರ್ಜನ್ನನೇ ಬರಬೇಕಾಯಿತು.

ಒಳಗೆ ಹೋದೆವು. ಹುಡುಗರು ಮೇಲಿನ ಮೊಗಸಾಲೆಗೆ ಏರಿ ತಮ್ಮ ಹೆಸರು ಕೂಗಿಕೊಂಡರು. ಚಿಕ್ಕಂದಿನಲ್ಲಿ ನಾನೂ ಅಷ್ಟನ್ನೇ ಮಾಡಿದ್ದೆ. ಗುಮ್ಮಟವೆಂದರೆ ಕೂಗಿದ್ದನ್ನು ತಿರುಗಿ ಕೂಗುವ ಮನೆಯೆಂದೇ ತಿಳಿದಿದ್ದೆ. ನಡುವೆ ಒಂದು ಕಂಬವೂ ಇಲ್ಲದೆ, ಹೊರಗಿನಿಂದ 144 ಅಡಿ ಅಗಲದ ಆ ಅರ್ಧಗೋಲ ಹೇಗೆ ನಿಂತಿದೆಯೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡವರು ಸಮುದ್ರದಾಚೆಯಿಂದ ಬಂದವರು! ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳು ಪರಸ್ಪರ ಹಾಯ್ದು, ನಾಲ್ಕು ಗೋಡೆಗಳ ಕೋಣೆಯನ್ನು ಮೇಲೆ ವರ್ತುಲಕ್ಕೆ ತರುತ್ತವೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಒಳಮುಖವಾಗಿ ಚಾಚಿ ತೂಗುವ ಈ ಕಮಾನುಗಳ ರಾಶಿ ಆ ನೂಕನ್ನು ತಡೆಯುತ್ತದೆಂಬುದು ಫರ್ಗ್ಯುಸನ್ನನ ವಾದ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ ಕಲ್ಲುಕುಟಿಗರು ಬಿಡಿಸಿಟ್ಟ ಲೆಕ್ಕ ಅದು. ಅವರ ಹೆಸರುಗಳು ಮಾತ್ರ ಯಾವ ಹಾಳೆಯಲ್ಲಿಯೂ ನನಗೆ ಸಿಗಲಿಲ್ಲ.

ಪುಸ್ತಕಗಳಲ್ಲಿ ಕಾಣದ ಸಂಗತಿಗಳೂ ಉಂಟು. ಬಂಡಿ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದ ನಮ್ಮ ಮುತ್ಯಾ, ದೂರದ ಬಯಲಿನಲ್ಲಿ ಗುಮ್ಮಟದ ನೆತ್ತಿ ಕಂಡೊಡನೆ “ಬಂತು ನೋಡ್ರೋ” ಎಂದು ಎತ್ತುಗಳಿಗೆ ಹೇಳುತ್ತಿದ್ದನಂತೆ. ಅಳತೆಗೋಲಿಗೆ ಈ ನೋಟ ಸಿಕ್ಕದು. ಆದರೆ ಮುತ್ಯಾನ ಆ ಮಾತನ್ನೂ ನಮ್ಮವರಾರೂ ಬರೆದಿಡಲಿಲ್ಲ. ನಾನೂ ಇಂದೇ ಬರೆಯುತ್ತಿರುವುದು. ಹುಡುಗನ ಪ್ರಶ್ನೆ ನನ್ನನ್ನು ಚುಚ್ಚಿದ್ದು ಇದಕ್ಕೇ ಇರಬೇಕು.

“ಒಳಗಿನ ಗೋಡೆ ಎಷ್ಟುದ್ದ ಅಂತ ಬರದಾನ್ರಿ?” ಎಂದು ಇಳಿದು ಬಂದವನೇ ಕೇಳಿದ.

“ನೂರಾ ಮೂವತ್ತೈದು ಅಡಿ” ಎಂದೆ.

ಅವನು ಚಪ್ಪಲಿಯನ್ನು ಮೊದಲೇ ಹೊರಗೆ ಬಿಟ್ಟಿದ್ದ. ಬರಿಗಾಲಿನಲ್ಲಿ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಹಚ್ಚಿ ನಿಂತು, ಒಂದೊಂದೇ ಹೆಜ್ಜೆ ಎಣಿಸುತ್ತ ನಡೆಯತೊಡಗಿದ. ಐವತ್ತನೆಯ ಹೆಜ್ಜೆಗೆ ಜೊತೆಯವರು ಗದ್ದಲ ಮಾಡಿ ಲೆಕ್ಕ ತಪ್ಪಿಸಿದರು. ಮತ್ತೆ ಮೂಲೆಗೆ ಹೋಗಿ ಒಂದರಿಂದ ಸುರುಮಾಡಿದ.