ಆಫೀಸು ಚಾಟ್‌ನಲ್ಲಿ ನಮ್ಮ ಕೂಟ

2011ರ ಮಾರ್ಚ್. ಒಸಾಕಾದ ಇಸಿ ಸ್ಟುಡಿಯೋ ಅನ್ನೋ ಕಂಪನಿ ಚಾಟ್‌ವರ್ಕ್ ಆಪ್ ಬಿಡುಗಡೆ ಮಾಡ್ತು. ಮರುವರ್ಷ ಕಂಪನಿಯ ಹೆಸರೂ ಅದೇ ಆಯ್ತು. ಮಾಡಿದ್ದು ಆಫೀಸಿಗೆ, ಆದ್ರೆ ನಮ್ಮಂಥ ಕೂಟಗಳಿಗೂ ಚೆನ್ನಾಗಿ ಒಗ್ಗುತ್ತೆ.

"ಯುಗಾದಿಗೆ ಹೋಳಿಗೆ ಯಾರು ತರ್ತೀರಿ?" ಮಾಮೂಲಿ ಗುಂಪಲ್ಲಿ ಈ ಪ್ರಶ್ನೆ ಸಂಜೆಯೊಳಗೆ ಇನ್ನೂರು ಮೆಸೇಜಿನಡಿ ಹೂತುಹೋಗುತ್ತೆ. ಇಲ್ಲಿ ಅದನ್ನೇ ಟಾಸ್ಕ್ ಮಾಡಿ, ಒಬ್ಬರ ಹೆಸರಿಗೆ ಹಾಕಿ, ಗಡುವು ಕೊಡಿ. ಮುಗಿಸೋವರೆಗೂ ಅವರ ಪಟ್ಟಿಯಲ್ಲಿ ಕೂತಿರುತ್ತೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಆದ್ರೆ ಉಚಿತ ಖಾತೆಯಲ್ಲಿ 40 ದಿನ ದಾಟಿದ ಮಾತು ಕಾಣೋಲ್ಲ. ಇಂಥದ್ದೇ ಇನ್ನೊಂದು ಆಪ್ ಸ್ಲ್ಯಾಕ್‌ನಲ್ಲಾದ್ರೆ 90 ದಿನ. ಯುಗಾದಿ ಬರೋದು ವರ್ಷಕ್ಕೊಮ್ಮೆ! ಹಾಗಾಗಿ ಈ ಸಲದ ಖರ್ಚಿನ ಲೆಕ್ಕ, ಹಾಲ್ ಬುಕಿಂಗ್ ನಂಬರು ಇವತ್ತೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.